ಎಷ್ಟು ಮೆಟ್ಟಿಲು?

ವಾಲ್ಪರೈಸೊದಲ್ಲಿ ಯಾರ ಮನೆಯೂ ನೆಲದ ಮೇಲಿಲ್ಲ.
ಗುಡ್ಡಕ್ಕೆ ಅಂಟಿದ ತಗಡಿನ ಗೋಡೆಗಳು, ಕೆಳಗೆ ಹಡಗುಗಳು,
ನಡುವೆ ಬರೀ ಮೆಟ್ಟಿಲು.
ಅದಕ್ಕೇ ಇರಬೇಕು, ಈ ಊರಿನ ಮೊಣಕಾಲುಗಳೆಲ್ಲ
ಡಾಕ್ಟರ್ ಉರ್ರೂಟಿಯಾರಿಗೆ ಹೆಸರು ಹಿಡಿದು ಗೊತ್ತು.

ನನ್ನ ಕೆಲಸ ಫೋನು ಮಾಡುವುದು.
ಮುನ್ನೂರ ಹನ್ನೆರಡು ಹೆಸರು. ವರ್ಷದ ಹಿಂದೆ
ಅರ್ಧ ಜನಕ್ಕೆ ತೂತು ಕೊರೆದು ಒಳಗಿನ ಹರಕು ಕತ್ತರಿಸಿ ತೊಳೆದರು.
ಇನ್ನರ್ಧಕ್ಕೆ ತೂತು ಮಾತ್ರ, ಎರಡು ಹೊಲಿಗೆ, ಬ್ಯಾಂಡೇಜು.
ಯಾರು ಯಾವ ಅರ್ಧ, ನನಗೆ ಹೇಳಿಲ್ಲ.
ಒಪ್ಪಿ ರುಜು ಹಾಕಿದ ಅವರಿಗೂ.

"ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು?
ನಿಲ್ಲದೆ ಎಷ್ಟು ಮೆಟ್ಟಿಲು ಹತ್ತುತ್ತೀರಿ?"

ಎಲ್ಸೀರಾ ಅಜ್ಜಿ ಅಂದಳು:
"ಬ್ರೆಡ್ಡಿನ ಅಂಗಡಿಯಿಂದ ನನ್ನ ಬಾಗಿಲಿಗೆ ಅರವತ್ತೇಳು.
ಕೈಯಲ್ಲಿ ಚೀಲವಿದ್ದರೆ ನೀಲಿ ಗೋಡೆಯ ಹತ್ತಿರ ಕೂರುತ್ತೇನೆ.
ಮೊನ್ನೆ ಬ್ರೆಡ್ಡು ಮರೆತು
ಒಂದೇ ಉಸಿರಿಗೆ ಬಂದುಬಿಟ್ಟೆ. ಏನು ಬರೆದುಕೊಳ್ಳುತ್ತೀ?"
ನನ್ನ ಹಾಳೆಯಲ್ಲಿ ಬ್ರೆಡ್ಡಿಗೆ ಕಾಲಂ ಇಲ್ಲ.

ಇನ್ನೊಂದು ನಂಬರಿನಲ್ಲಿ ಹೆಂಡತಿ ಎತ್ತಿಕೊಂಡಳು.
"ಮಾರ್ಚಿನಲ್ಲಿ ಹೋದರು. ಎದೆ. ಮೊಣಕಾಲು ಚೆನ್ನಾಗಿತ್ತು."
ನಾನು ಫೋನಿಡುವ ಮೊದಲು, ಮತ್ತೆ:
"ತುಂಬಾ ಚೆನ್ನಾಗಿತ್ತು, ಹಾಗಂತಲೇ ಬರಿ."
ಬರೆದೆ.

ಚಳಿಗಾಲಕ್ಕೆ ಲೆಕ್ಕ ಬಂತು. ಪರದೆಯ ಮೇಲೆ ಎರಡು ಗೆರೆ,
ಒಂದರ ನೆರಳಲ್ಲಿ ಇನ್ನೊಂದು.
ಯಾವುದು ಕತ್ತರಿಸಿದ್ದು, ಯಾವುದು ಕತ್ತರಿಸದ್ದು
ಬಣ್ಣ ನೋಡಿಯೇ ಹೇಳಬೇಕು.
ಡಾಕ್ಟರು ಬಹಳ ಹೊತ್ತು ಮಾತಾಡಲಿಲ್ಲ.
ಕೊನೆಗೆ, "ಇಪ್ಪತ್ತೆರಡು ವರ್ಷ, ಯೆರ್ಕಾ.
ಕ್ರಿಸ್ಮಸ್ಸಿಗೆ ಮೀನು ತಂದುಕೊಡುತ್ತಿದ್ದರು."
ಮೀನು ಸುಳ್ಳಲ್ಲ, ಅಂದೆ. ಅವರು ನಡೆದದ್ದೂ ಸುಳ್ಳಲ್ಲ.
ಮತ್ತೆ ಸುಳ್ಳು ಯಾವುದು ಅಂತ ಅವರು ಕೇಳಲಿಲ್ಲ,
ನಾನೂ ಉತ್ತರ ಹುಡುಕಿ ಇಟ್ಟುಕೊಂಡಿರಲಿಲ್ಲ.

ಸೋಮವಾರ ಹಡಗುಕಟ್ಟೆಯ ಕೂಲಿಯೊಬ್ಬ ಬಂದ,
ಕಂಕುಳಲ್ಲಿ ಸುರುಳಿ ಸುತ್ತಿದ ಎಕ್ಸ್‌ರೇ. "ಯಾವತ್ತು ಕೊಯ್ತೀರಿ?"
ಡಾಕ್ಟರ ಕೈ ಪೆನ್ನಿನ ತನಕ ಹೋಗಿ ನಿಂತಿತು.
(ಗಾಣ ಬಿಚ್ಚಿದರೂ ಎತ್ತು ಸುತ್ತುವುದು ಬಿಡದು.)
ಆಮೇಲೆ ಕುರ್ಚಿ ಎಳೆದು, "ಕೈ ಊರದೆ ಏಳು. ಕೂರು. ಹತ್ತು ಸಲ."
ಅವನು ನಂಬದೆ ನೋಡಿದ.
ಇವರೂ ಎದುರಿಗೆ ಕೂತು ಎದ್ದರು. ಅವನದಕ್ಕಿಂತ
ಇವರ ಮೊಣಕಾಲೇ ಜೋರಾಗಿ ಲಟಕ್ಕೆಂದಿತು.
ಆತ ನಕ್ಕ. ಮೂರನೆಯ ಸಲಕ್ಕೆ ಶುರುಮಾಡಿದ.

ಪಕ್ಕದ ಕೋಣೆಯ ಡಾಕ್ಟರು ಇನ್ನೂ ಕೊಯ್ಯುತ್ತಾರೆ.
ಅವರ ಬಾಗಿಲಲ್ಲಿ ಸಾಲು ಉದ್ದ.

ಸಂಜೆ ಬ್ರೆಡ್ಡು ಹಿಡಿದು ಮನೆಗೆ ಹತ್ತಿದೆ,
ಎಣಿಸಬಾರದು ಎಂದುಕೊಂಡೇ
ನಲವತ್ತೊಂದು.
ನಿಂತೆ. ಇಲ್ಲಿಯ ಗೋಡೆ ಹಳದಿ.