ಮೇಲಿನ ಮನೆಯ ಬ್ರೆಜಿಲ್

ಮೂವತ್ತೊಂದು ವರ್ಷ ಮಂಡ್ಯದಲ್ಲಿ ಕಬ್ಬು ತೂಗಿದವನು ನಾನು.
ಗಾಡಿ ತುಂಬಿ ಬಂದಾಗ ಒಂದು ತೂಕ, ಬರಿದಾಗಿ ಹೋಗುವಾಗ ಒಂದು,
ಅದರಲ್ಲಿ ಇದನ್ನು ಕಳೆದರೆ
ಉಳಿದದ್ದೇ ಒಬ್ಬನ ವರ್ಷ.

ಆಗ ಬ್ರೆಜಿಲ್ ನನಗೆ ದೇಶವಲ್ಲ, ನೆವ.
ರೇಟು ಯಾಕೆ ಇಳೀತು ಸ್ವಾಮಿ ಎಂದು ಗೇಟಿನಲ್ಲಿ ಕೇಳಿದರೆ
ಒಳಗಿನವರ ಮಾತನ್ನೇ ಹೊರಗೆ ದಾಟಿಸುತ್ತಿದ್ದೆ:
"ಬ್ರೆಜಿಲ್‌ನಲ್ಲಿ ಬೆಳೆ ಜೋರಂತೆ."
ಕೇಳಿದವನು ಅದು ಯಾವ ದಿಕ್ಕೋ ತಿಳಿಯದೆ
ಕೆರಗೋಡಿನ ಕಡೆ ತಿರುಗಿ ಉಗಿಯುತ್ತಿದ್ದ.

ರಿಟೈರಾಗಿ ಗೋಕುಲಂ ಸೇರಿದೆವು. ಮೇಲೊಂದು ಮನೆ ಕಟ್ಟಿ
ಯೋಗಕ್ಕೆ ಬರುವವರಿಗೆ ತಿಂಗಳ ಬಾಡಿಗೆಗೆ ಬಿಟ್ಟೆವು.
ಜನವರಿಯ ಚಳಿಯಲ್ಲಿ ಬಂದಳು ಜುಸಾರ,
ಕಂಕುಳಲ್ಲಿ ಸುತ್ತಿದ ಚಾಪೆ,
ನಂಜನಗೂಡಿನ ನನ್ನ ಸೋದರಸೊಸೆಯದೇ ಮುಖ.
ಯಾವ ದೇಶವಮ್ಮ ಎಂದೆ. ಹೇಳಿದಳು.
ಇಷ್ಟು ವರ್ಷ ಯಾರ ಮೇಲೆ ದೂರು ಹೇಳಿದ್ದೆನೋ
ಅವರೇ ಅಡ್ವಾನ್ಸ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ದೇವೀರಮ್ಮ ಒಗ್ಗರಣೆ ಬಿಟ್ಟು ಬಂದು ತನ್ನ ಪ್ರಶ್ನೆ ಕೇಳಿದಳು:
"ನೀವು ಯಾವ ಜನ?"
ಅದನ್ನು ತಿಳಿಸಿಹೇಳಲು ನಾನು ಪಟ್ಟ ಪಾಡು ಬೇರೆ.
ಜುಸಾರ ಮೆಟ್ಟಿಲ ಮೇಲೆ ಕೂತು ಬೆರಳು ಮಡಿಚಿದಳು:
ಅಮ್ಮನ ಅಜ್ಜಿ ಕಾಡಿನವಳು. ಅವಳ ಮಾತು ಸತ್ತುಹೋಯಿತು,
ಹೊಳೆಗಳ ಹೆಸರಾಗಿ ಚೂರು ಉಳಿದಿದೆ,
ನನ್ನ ಹೆಸರಾಗಿಯೂ. ಅದೊಂದು ಜಾತಿಯ ತಾಳೆಮರ.
ಅಪ್ಪನ ಮುತ್ತಜ್ಜನ ಅಪ್ಪನನ್ನು ಆಫ್ರಿಕದಿಂದ ಹಡಗಿಗೆ ತುಂಬಿ ತಂದರು,
ಕಬ್ಬು ಕಡಿಯಲು.
ಕೊಂಡವನು ಪೋರ್ಚುಗೀಸಿನವನು. ಒಂದು ಕಡೆಯಿಂದ ಅವನೂ ಅಜ್ಜನೇ.
ಸೋದರತ್ತೆ ಕಟ್ಟಿಕೊಂಡದ್ದು ಜಪಾನಿನವರ ಮನೆಯ ಹುಡುಗನನ್ನು.
ಇನ್ನೊಂದು ಕೈ ಚಾಚುವಷ್ಟರಲ್ಲಿ
"ಸಾಕು ಬಿಡಮ್ಮ" ಎಂದು ದೇವೀರಮ್ಮ ಒಳಗೆ ಹೋದಳು.
ಅಷ್ಟೂ ಮಾತಿನಲ್ಲಿ ಜಾತಿ ಎಂಬುದು ಬಂದದ್ದು ಮರಕ್ಕೆ ಮಾತ್ರ.
ಯಾವ ಲೋಟ ಎಂದು ತೋಚದೆ
ನಮ್ಮ ಲೋಟದಲ್ಲೇ ಕಾಫಿ ತಂದಳು.

ಜನಗಣತಿಯವರು ಅಲ್ಲಿ ಮೈಬಣ್ಣ ಕೇಳುತ್ತಾರಂತೆ. ಐದೇ ಪದ.
ಅಣ್ಣ ಒಂದು ಆರಿಸಿದ, ತಂಗಿ ಇನ್ನೊಂದು, ಒಂದೇ ಹೊಟ್ಟೆಯ ಮಕ್ಕಳು.
ವಧೂವರರ ಕಾಲಮ್ಮಿನ ಗೋಧಿಬಣ್ಣ, ಎಣ್ಣೆಗೆಂಪು ನೆನೆದು ನಾನು ನಕ್ಕೆ.
ಅವಳು ನಗಲಿಲ್ಲ.
ರಾತ್ರಿ ಪೊಲೀಸರು ಮೊದಲು ಯಾರನ್ನು ನಿಲ್ಲಿಸುತ್ತಾರೆ,
ಅದೂ ಆ ಪದದ ಮೇಲೇ ಎಂದಳು.

ದೇಶವೋ, ನಮ್ಮಂಥ ಎರಡೂವರೆ ಹಿಡಿಸುವಷ್ಟು.
ಜನ ಮಾತ್ರ ನಮ್ಮ ಏಳರಲ್ಲಿ ಒಂದು ಪಾಲು,
ಅವರಲ್ಲೂ ಬಹಳಷ್ಟು ಮಂದಿ, ಪಾತ್ರೆಯಂಚಿಗೆ ಕೆನೆ ಕಟ್ಟಿದಂತೆ,
ಕಡಲ ಬದಿಗೇ.
ಅಲ್ಲೊಂದು ನದಿ, ಈ ದಡಕ್ಕೆ ಆ ದಡ ಕಾಣದ್ದು.
ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿ ನೋಡಿ ಬಂದು
"ಮುದ್ದಾಗಿದೆ" ಎಂದಳು.
ದೇವೀರಮ್ಮ ಎರಡು ದಿನ ಮಾತಾಡಲಿಲ್ಲ.

ಬೆಳಗಿನ ಐದಕ್ಕೆ ಅವಳು ಮೆಟ್ಟಿಲಿಳಿಯುವಾಗ
ಅವಳಮ್ಮನಿಗೆ ಇನ್ನೂ ನಿನ್ನೆಯ ರಾತ್ರಿ, ಎಂಟೂವರೆ.
ಫೋನಿನಲ್ಲಿ ತಾಯಿ ಊಟಕ್ಕೆ ಬಡಿಸಿಕೊಳ್ಳುವ ಸದ್ದು,
ಇಲ್ಲಿ ಹಾಲಿನವನ ಬೆಲ್ಲು.

ಪಾಂಡವಪುರದಿಂದ ಭಾವಮೈದ ಅಚ್ಚುಬೆಲ್ಲ ತಂದಿದ್ದ.
ಒಂದು ತುಣುಕು ಕೊಟ್ಟೆ. ಕಚ್ಚಿದವಳು ಕಣ್ಣರಳಿಸಿ
"ರಪದೂರ!" ಎಂದು ಕೂಗಿದಳು,
ಮನೆಯ ಬೆಕ್ಕು ಬೇರೆಯವರ ಕಾಂಪೌಂಡಿನಲ್ಲಿ ಸಿಕ್ಕ ಹಾಗೆ.
ಅವಳಜ್ಜನೂ ಕಬ್ಬು ಕಡಿದವನೇ.
ಎಡಗೈಯ ಎರಡು ಬೆರಳಿಗೆ ಉಗುರಿರಲಿಲ್ಲವಂತೆ.
ಸಂಜೆ ಕಂತೆ ಹೊತ್ತು ಸಾಲಾಗಿ ನಿಲ್ಲುತ್ತಿದ್ದರಂತೆ.
ಅಲ್ಲೂ ಒಬ್ಬ ತೂಗುವವನಿದ್ದ, ಎಂದಳು.
ಅವನನ್ನು ಮಾತ್ರ ಯಾರೂ ನಂಬುತ್ತಿರಲಿಲ್ಲ.

ನಾನು ಏನು ಕೆಲಸ ಮಾಡಿದ್ದೆ ಎಂದು
ಅವಳು ಕೇಳಿರಲಿಲ್ಲ. ನಾನೂ ಹೇಳಲಿಲ್ಲ.
ಅಂಟಿದ ಕೈ ತೊಳೆಯಲು ನಲ್ಲಿಗೆ ಹೋದೆ.

ಮಾರ್ಚಿನಲ್ಲಿ ಹೊರಟಳು, ಬ್ಯಾಗಿನಲ್ಲಿ ನಾಲ್ಕು ಅಚ್ಚು.
ಮೊನ್ನೆ ಪೆನ್ಷನ್ ಕೆಲಸಕ್ಕೆ ಮಂಡ್ಯಕ್ಕೆ ಹೋಗಿದ್ದೆ.
ಹೋಟೆಲಿನಲ್ಲಿ ಎದುರು ಕೂತವನು ಪೇಪರ್ ಮಡಿಚಿ ಹೇಳಿದ:
"ಎಲ್ಲ ಆ ಬ್ರೆಜಿಲ್‌ನೋರಿಂದ ಕಣಯ್ಯ."
"ಯಾರ ಮನೆಯವರಿಂದ?" ಎಂದು ಕೇಳಿಬಿಟ್ಟೆ.
ಅವನು ನನ್ನ ಮುಖ ನೋಡಿ
ಸಪ್ಲೈಯರ್ ಹುಡುಗನಿಗೆ
ಒಂದು ಲೋಟ ನೀರು ತರಲು ಹೇಳಿದ.