ವಂದನಾರ್ಪಣೆ

ಶುಕ್ರವಾರದ ಕೂಟಕ್ಕೆ ಈ ವರ್ಷ ಯಾರನ್ನು ಕರೆಯೋಣ?
ಕಾಜುಬಾಗದ ಬಾಡಿಗೆ ಕೋಣೆ, ಕರೆಂಟಿಲ್ಲದ ಮಧ್ಯಾಹ್ನ,
ಐವರು ಕೂತಿದ್ದೇವೆ. ನಡುವೆ ನೂರು ಹಾಳೆಯ ಪುಸ್ತಕ,
ಒಂದು ತಟ್ಟೆ ಚುರುಮುರಿ.

ಇನಾಸ್ ಹೇಳುತ್ತಾನೆ: ಮಂಗಳೂರಿನವರು ಬರಲಿ,
ಮೈಕಿಲ್ಲದೆ ಬಂದರದ ತನಕ ಕೇಳುವ ಗಂಟಲು.
ಶೆರ್ಲಿನ್‌ಗೆ ಹುಬ್ಬಳ್ಳಿಯ ಡಾಕ್ಟರು ಬೇಕು, ಸ್ಲೈಡು ತೋರಿಸುತ್ತಾರೆ,
ಒಂದು ಗಂಟೆಯೆಂದರೆ ಒಂದೇ ಗಂಟೆ.
ಎಲಿಯಾಸನಿಗೆ ಯಾರಾದರೂ ಆದೀತು, ರೈಲು ಚಾರ್ಜು ಕೇಳದಿದ್ದರೆ.
ಐದನೆಯವಳು ಚುರುಮುರಿಯಿಂದ ಶೇಂಗಾ ಆರಿಸುತ್ತಿದ್ದಾಳೆ.

ನಾನು ಕಾರ್ಯದರ್ಶಿ. ಬರೆದುಕೊಳ್ಳುವುದು ನನ್ನ ಕೆಲಸ:
ಹೆಸರು, ಊರು, ಫೋನು, ಊಟಕ್ಕೆ ಮೀನು ಆಗುತ್ತದೋ ಇಲ್ಲವೋ.
ಬರೆಯುತ್ತ ಬರೆಯುತ್ತ ಕಣ್ಣು
ಹಿಂದಿನ ಪುಟಕ್ಕೆ ಜಾರುತ್ತದೆ. ಕಳೆದ ಆಗಸ್ಟು.
ಆ ಹೆಸರನ್ನೂ ನಾನೇ ಬರೆದದ್ದು, ಕೆಳಗೆ ಎರಡು ಗೆರೆ ಎಳೆದು.

ಚೆನ್ನಾಗಿ ಮಾತಾಡಿದರು, ಸುಳ್ಳು ಯಾಕೆ.
ಗಲಿಲಾಯದ ಬಿರುಗಾಳಿಯನ್ನು ಕೋಣೆಯೊಳಗೆ ಎಬ್ಬಿಸಿದರು,
ನಮ್ಮ ಬೆಂಚುಗಳು ದೋಣಿಯ ಹಾಗೆ ಓಲಾಡಿದವು.
ಆಮೇಲೆ ಬೆರಳೆತ್ತಿ:
"ವಿಶ್ವಾಸವಿದ್ದವನ ದೋಣಿ ಮುಳುಗುವುದಿಲ್ಲ."
ಆಮೆನ್ ಅಂದೆವು. ನಾನೂ ಅಂದೆ.

ಕೀಬೋರ್ಡಿನ ಮುಂದೆ ಲಿದ್ವಿನಾ ಕೂತಿದ್ದಳು.
ಬೈತಖೋಲದಿಂದ ಸೀಸನ್ನಿನ ಕೊನೆಯ ಸಲ ಹೊರಟ
ಅವಳಣ್ಣ ಸಾಂತಾನ್ ಮರಳದೆ
ಎಪ್ಪತ್ತು ದಿನವೂ ಆಗಿರಲಿಲ್ಲ.
ಚುಕ್ಕಾಣಿಗೆ ಕಟ್ಟಿದ್ದು ಅವಳೇ ಕೊಟ್ಟ ಜಪಸರ.

ಅವಳು ಅಳಲಿಲ್ಲ. ಸ್ವಿಚ್ಚು ಆರಿಸಿದಳು,
ವಯರನ್ನು ಮೊಣಕೈಗೆ ಸುತ್ತಿ ಸುತ್ತಿ ಮಡಚಿದಳು,
ಹಸಿರು ಬಟ್ಟೆ ಹೊದಿಸಿ,
ನೂರು ಚಪ್ಪಲಿಗಳಲ್ಲಿ ತನ್ನದನ್ನು ಹುಡುಕಿಕೊಂಡು ಹೋದಳು.
ಆಗ ನಾನು ಎದ್ದು ವಂದನಾರ್ಪಣೆ ಓದಿದೆ:
"ನಮ್ಮೆಲ್ಲರ ಹೃದಯ ತಣಿಸಿದ ಪೂಜ್ಯರಿಗೆ..."
ಹಿಂದಿನ ರಾತ್ರಿಯೇ ಬರೆದಿಟ್ಟದ್ದು.
ಒಂದಕ್ಷರ ತಿದ್ದಲಿಲ್ಲ.

ಅದಕ್ಕೇ ಈ ಸಲ ಪಟ್ಟಿ ಹಿಡಿದು ಬಸ್ಸು ಹತ್ತಿದೆ.
ಕರೆಯುವ ಮುಂಚೆ ಕೇಳಿಬರಬೇಕು,
ಕೊನೆಯ ಬೆಂಚಿನಲ್ಲಿ, ಹೆಸರು ಹೇಳದೆ.
ಅಂಕೋಲೆಯಲ್ಲಿ ಒಬ್ಬರು, ಕಣ್ಣು ಸದಾ ಕ್ಯಾಮೆರಾದ ಮೇಲೆ.
ಕುಮಟೆಯಲ್ಲಿ ಇನ್ನೊಬ್ಬರು, ಮಾತು ಬೆಣ್ಣೆ;
ಕುರ್ಚಿ ಹೊತ್ತು ತಂದ ಹುಡುಗ ಮಾತ್ರ
ಅವರ ಕಣ್ಣಿಗೆ ಬೀಳಲೇ ಇಲ್ಲ.

ಹಳಿಯಾಳದಾಚೆ, ಕಾಡಂಚಿನ ಪುಟ್ಟ ಇಗರ್ಜಿಯಲ್ಲಿ
ನಿವೃತ್ತ ಮಾಸ್ತರು ರುಜಾರ್ ಸಿದ್ದಿ.
ತೊದಲು. ಕಳೆದ ಎಮ್ಮೆಯ ಕತೆಗೆ ಹೊರಟರೆ
ಎಮ್ಮೆ ಸಿಕ್ಕರೂ ಕತೆ ಸಿಗದು.
ಹೆಸರು ಹೊಡೆದು ಹಾಕಲು ಪೆನ್ನು ತೆಗೆದೆ.
ಅಷ್ಟರಲ್ಲಿ ಒಬ್ಬ ಮುದುಕಿ ನಡುವೆಯೇ ಎದ್ದು ಕೇಳಿದಳು:
"ನನ್ನ ಮೊಮ್ಮಗು ಯಾಕೆ ಹೋಯ್ತು, ಮಾಸ್ತರೇ?"
ಬಾಯಿ ತೆರೆದರು. ಮುಚ್ಚಿದರು.
ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಒರೆಸಿ
"ಗ... ಗೊತ್ತಿಲ್ಲ ಬಾಯಿ.
ನಾನೂ ಕೇಳ್ತಾನೇ ಇದ್ದೇನೆ."
ಮತ್ತೆ ಎಮ್ಮೆಯ ಕಡೆ ಹೋಗಲಿಲ್ಲ.
ಇಳಿದು ಬಂದು ಅವಳ ಬೆಂಚಿನಲ್ಲಿ ಕೂತರು.

ಮುಂದಿನ ಸಭೆಯಲ್ಲಿ ಇನಾಸ್ ನಕ್ಕ:
"ತೊದಲುವವರನ್ನಾ? ಜನ ಎದ್ದು ಹೋಗ್ತಾರೆ ಮಾರಾಯ್ತಿ."
ಹೋಗಬಹುದು. ನನಗೂ ಅಳುಕು.
ಎದ್ದು ಹೋದವಳೊಬ್ಬಳನ್ನು ನೋಡಿದ್ದೇನೆ,
ಅವತ್ತು ತೊದಲಿದವರು ಯಾರೂ ಇರಲಿಲ್ಲ.

ಪತ್ರ ಬರೆದೆ: ಮಾಸ್ತರೇ, ಇಪ್ಪತ್ತು ನಿಮಿಷ ಸಾಕು.
ಎಮ್ಮೆ ಬೇಕಾದರೆ ಬರಲಿ, ಹಗ್ಗ ಸಣ್ಣದಿರಲಿ.
ಕೊನೆಗೆ ಪ್ರಶ್ನೆಗಳಿವೆ, ಉತ್ತರ ಕಡ್ಡಾಯವಲ್ಲ.
ಮೊದಲ ಬಸ್ಸಿಗೆ ಹೊರಟರೆ ಊಟಕ್ಕೆ ಮುಟ್ಟುತ್ತೀರಿ. ಬಂಗುಡೆ ಸಾರು.

ಕೋಡಿಬಾಗಕ್ಕೂ ಹೋದೆ, ಕಾಳಿ ಸಮುದ್ರ ಸೇರುವ ಕಡೆ.
ಬಾ ಎನ್ನಲಿಲ್ಲ. ಪುಸ್ತಕ ಬಿಚ್ಚಿ ಹಿಡಿದೆ.
ಲಿದ್ವಿನಾಳ ಕೈತುಂಬ ಮೀನಿನ ಹುರುಪೆ,
ಪುಟ ಮುಟ್ಟದೆ ಓದಿದಳು.
"ಇವರು ಎಂತ ಹೇಳ್ತಾರೆ?"
ಗೊತ್ತಿಲ್ಲ, ಅಂದೆ.
ತುಸು ಹೊತ್ತು ಅಳಿವೆಯನ್ನೇ ನೋಡಿದಳು.
"ಕೀಬೋರ್ಡಿನ ವಯರನ್ನು ಇಲಿ ಕಡಿದಿಲ್ಲ ತಾನೆ?"

ಶುಕ್ರವಾರಕ್ಕೆ ಇನ್ನು ಎರಡು ದಿನ.
ವಂದನಾರ್ಪಣೆಯ ಹಾಳೆ
ಖಾಲಿ ಇಟ್ಟಿದ್ದೇನೆ.