ಬಿಲ್ಲೆ ನಾನೂರ ಹದಿನೇಳು

ಬಾಗಿಲು ತೆರೆಯುವುದು ಏಳಕ್ಕೆ ಎಂದು ಟಿಕೆಟ್ಟಿನಲ್ಲಿದೆ.
ಏಳೂ ಇಪ್ಪತ್ತಾಯಿತು. ಮೈನಸ್ ಹದಿನಾಲ್ಕು.
ಸಾಲು ಹನುಮಂತನ ಬಾಲ,
ಔಷಧಿ ಅಂಗಡಿ ಬಳಸಿ, ಟ್ರಾಮಿನ ಹಳಿ ದಾಟಿ,
ಬೀಗ ಹಾಕಿದ ಹೂವಿನಂಗಡಿಯ ತನಕ.
ಯಾರೂ ಮಾತಾಡುವುದಿಲ್ಲ. ಹೆಲ್ಸಿಂಕಿಯಲ್ಲಿ
ಮುಂದಿನವರ ಬೆನ್ನಿಗೂ ನಮ್ಮ ಮೂಗಿಗೂ
ಎರಡು ಮೊಳ ಜಾಗ ಬಿಡುವುದೇ ಪ್ರೀತಿ.

ಒಳಗೆ ಹೋದರೆ ಮತ್ತೊಂದು ಸಾಲು, ಕೋಟಿನದು.
ಕೋಟು ಒಪ್ಪಿಸದೆ ಹಾಡಿಲ್ಲ.
ಕೋಟಿಗೆ ಮೂರೂವರೆ ಯೂರೋ, ಟೊಪ್ಪಿಗೆ ಬೇರೆ ಲೆಕ್ಕ.
ಟಿಕೆಟ್ಟಿಗೆ ಅರವತ್ತೆರಡು, ಮೇಲೆ ಸೇವಾ ಶುಲ್ಕ ಆರು.
ಯಾವ ಸೇವೆ, ಯಾರ ಸೇವೆ,
ಕೇಳೋಣವೆಂದರೆ ಒಂದು ಕಿಟಕಿಯೂ ಇಲ್ಲ.
ಬಿಯರು ಹನ್ನೊಂದು;
ಅದರಲ್ಲಿ ಅರ್ಧ ಕುಡಿದದ್ದು ನನ್ನ ಅಂಗಿಯ ತೋಳು.

ಇದು ಅವರ ವಿದಾಯ ಯಾತ್ರೆ. ಮೂರನೆಯದು.
ಮೊದಲ ವಿದಾಯಕ್ಕೆ ನಾನು ಅತ್ತಿದ್ದೆ.
ಎರಡನೆಯದಕ್ಕೆ ತಂಗಿ ಕೈಸು ನಕ್ಕಿದ್ದಳು:
'ಹೊರಟೆವು ಹೊರಟೆವು ಅಂತ ಹೊಸ್ತಿಲಲ್ಲೇ
ಗಂಟೆಗಟ್ಟಲೆ ನಿಲ್ಲುವ ನೆಂಟರು ಕಣೇ ಇವರು!'
ಈ ಸಲ ಅವಳು ಬರಲಿಲ್ಲ. ಮಂಡಿನೋವಂತೆ.
ಮಂಡಿ ನನಗೂ ನೋಯುತ್ತದೆ.

ನಾನು ಐದಡಿಗೆ ಒಂದಂಗುಲ ಕಮ್ಮಿ.
ಹಗಲೆಲ್ಲ ಒಂಬತ್ತನೇ ಟ್ರಾಮಿನ ಗಾಜಿನ ಹಿಂದೆ
ಎತ್ತರದಲ್ಲಿ ಕೂತು ಇಡೀ ಊರನ್ನು ನೋಡುತ್ತೇನೆ,
ಪುಕ್ಕಟೆಯಾಗಿ; ಸಾಲದ್ದಕ್ಕೆ ಸಂಬಳ ಬೇರೆ.
ಸಂಜೆ ಇಷ್ಟೆಲ್ಲ ದುಡ್ಡು ತೆತ್ತು
ಒಬ್ಬನ ಬೆನ್ನನ್ನು ನೋಡುತ್ತೇನೆ.

ಎಷ್ಟು ಬೆನ್ನುಗಳು, ಮೂವತ್ತೆಂಟು ವರ್ಷಗಳಲ್ಲಿ!
ತೊಗಲಿನವು, ಉಣ್ಣೆಯವು,
ತೋಳದ ತಲೆ ಹೊಲಿದುಕೊಂಡದ್ದೊಂದು,
ಕೋಟ್ಕಾ ಬಂದರಿನಲ್ಲಿ ಇಡೀ ರಾತ್ರಿ
ನನ್ನ ಹಣೆಗೆ ಬೆವರು ಒರೆಸಿದ್ದೊಂದು.
ಗಿಟಾರಿನವನು ಮಂಡಿಯೂರಿದನೆಂದು,
ಡ್ರಮ್ಮಿನವನು ಕೋಲೆತ್ತಿದನೆಂದು
ನನಗೆ ಬೆನ್ನುಗಳೇ ಹೇಳಬೇಕು.
ಮೊದಲು ಹೆಗಲೆಲುಬು ಬಿಗಿಯುತ್ತದೆ,
ಆಮೇಲೆ ಸದ್ದು.

ಇವತ್ತಿನ ಬೆನ್ನು ಬಾಗಿಲಷ್ಟು ಅಗಲ.
ಅದರ ತುದಿಯಲ್ಲೊಂದು ಕೈ, ಕೈಯಲ್ಲೊಂದು ಫೋನು,
ಫೋನಿನಲ್ಲಿ ಹೆಬ್ಬೆಟ್ಟಿನುದ್ದದ ಹಾಡುಗಾರ.
ನೋಡಲೇಬಾರದೆಂದು ಹಟ ಹಿಡಿದು
ಅದನ್ನೇ ನೋಡುತ್ತಿದ್ದೆ.

ನಾಲ್ಕನೇ ಹಾಡು. ಎರಡನೇ ಚರಣ.
ಅವನು ಬಾಯಿ ತೆರೆದ. ಮಾತು ಬರಲಿಲ್ಲ.
ವಾದ್ಯಗಳು ಒಂದು ಸುತ್ತು ಹಾಕಿ ಬಂದವು, ಅವನನ್ನು ಹತ್ತಿಸಿಕೊಳ್ಳಲು;
ಅವನು ನಿಲ್ದಾಣದಲ್ಲೇ ನಿಂತಿದ್ದ.
ಇನ್ನೊಂದು ಸುತ್ತು.
ಸೂಜಿ ಬಿದ್ದರೂ ಕೇಳುವಷ್ಟು ಮರ್ಯಾದೆಸ್ಥ ಜನ ನಾವು,
ನೆಲ ನೋಡಿಕೊಂಡೆವು.

ಆಗ ಯಾರೋ ಶುರು ಮಾಡಿದರು,
ಕರ್ಕಶವಾಗಿ, ಶ್ರುತಿಗಿಂತ ಒಂದು ಮೆಟ್ಟಿಲು ಕೆಳಗೆ.
ಯಾರಪ್ಪಾ ಈ ಗಂಟಲು ಅಂತ ನೋಡಿದರೆ
ನನ್ನದು.
ಬಾಗಿಲಷ್ಟಗಲದ ಬೆನ್ನು ತಿರುಗಿತು. ಅದಕ್ಕೊಂದು ಮುಖವಿತ್ತು!
ಒದ್ದೆ ಗಡ್ಡ, ಹುಡುಗನ ಕಣ್ಣು.
ಏನೂ ಅನ್ನದೆ ಪಕ್ಕಕ್ಕೆ ಸರಿದ,
ಸರಿದವನೇ ತಾನೂ ಹಾಡತೊಡಗಿದ.
ಅವನ ಪಕ್ಕದವಳು, ಅವಳ ಪಕ್ಕದವರು,
ಹಿಂದಿನಿಂದ, ಮಾಳಿಗೆಯಿಂದ, ಬಿಯರಿನ ಕಟ್ಟೆಯಿಂದ.
ಎರಡು ಮೊಳದ ಪ್ರೀತಿ ಎಲ್ಲಿ ಹೋಯಿತೋ,
ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿ,
ನನ್ನ ಕೆನ್ನೆ ಯಾರದೋ ತೋಳಿನಲ್ಲಿ.

ಮತ್ತು ನಾನು ನೋಡಿದೆ, ಮೊದಲ ಸಲ, ನೇರವಾಗಿ:
ಓದುವ ಕನ್ನಡಕ ಹಣೆಗೇರಿಸಿಕೊಂಡ ಒಬ್ಬ ಮುದುಕ,
ಮೈಕನ್ನು ನಮ್ಮತ್ತ ಚಾಚಿ ನಿಂತಿದ್ದ.
ಬಿಯರಿನ ಪೆಟ್ಟಿಗೆಯೊಂದರ ಮೇಲೆ ನಿಂತಿದ್ದ.
ಇಷ್ಟು ವರ್ಷ ಗೊತ್ತೇ ಇರಲಿಲ್ಲ,
ಅವನೂ ಗಿಡ್ಡ.

ಮತ್ತೆ ಕೋಟಿನ ಸಾಲು, ಮುಕ್ಕಾಲು ಗಂಟೆ.
ನಾನೂರ ಹದಿನೇಳು, ಒಂದು ಕೈಗವಸು ನಾಪತ್ತೆ.
ಕೊನೆಯ ಟ್ರಾಮು, ಓಡಿಸುತ್ತಿದ್ದವನು ನಮ್ಮ ತೌನೋ.
ಗಾಜು ಸರಿಸಿ ಏನೋ ಕೇಳಿದ.
ಕಿವಿಯಲ್ಲಿ ಜೇನುಗೂಡು, ಕೇಳಿಸಲಿಲ್ಲ.
'ಪರವಾಗಿಲ್ಲ' ಅಂದೆ.
ಖಾಲಿ ಸೀಟುಗಳ ನಡುವೆ ನಿಂತೇ ಬಂದೆ.
ಗಾಜಿನಾಚೆ ತೌನೋನ ಬೆನ್ನು;
ಮೀನುಪೇಟೆಯ ತಿರುವಿನಲ್ಲಿ ಹಳಿ ಕಿರುಗುಟ್ಟುವ ಮೊದಲೇ
ಅವನ ಹೆಗಲೆಲುಬು ಬಿಗಿಯಿತು.